ಮೊಳೆ ಲೆಕ್ಕ

ಗುತ್ತಲು ರಸ್ತೆಯ ನಮ್ಮ ಸ್ವಂತ ಮನೆಗೆ
ಹನ್ನೊಂದು ವರ್ಷ.
ಗೋಡೆಗೆ ಇನ್ನೂ ಒಂದು ಮೊಳೆ ಬಿದ್ದಿಲ್ಲ.
ಬೆಲ್ಲದ ಮಂಡಿಯವರು ಕೊಟ್ಟ ಕ್ಯಾಲೆಂಡರು
ಕುರ್ಚಿಯ ಮೇಲೆ ಕೂತೇ ತಿಂಗಳು ಕಳೆಯುತ್ತದೆ,
ಯಾರಾದರೂ ಬಂದರೆ ಎದ್ದು ಜಾಗ ಬಿಡುತ್ತದೆ.
ಕನ್ನಡಿ ಕಿಟಕಿಯ ಸರಳಿಗೆ ಒರಗಿದೆ,
ಬೈತಲೆ ತೆಗೆಯಲು ಅವ್ವ ಬಗ್ಗಬೇಕು.

ಅಪ್ಪ ಬೇಡ ಅಂದದ್ದಿಲ್ಲ.
ಯಾರೂ ಕೇಳಿದ್ದೂ ಇಲ್ಲ.

*

ಬಬೀನಾ, ಫಿರೋಜ್‌ಪುರ, ತೇಜಪುರ, ಜೋಧಪುರ.
ಎಲ್ಲ ಕ್ವಾರ್ಟರ್ಸಿಗೂ ಮಂಡ್ಯದ ಕ್ಯಾಲೆಂಡರು
ಮಾರ್ಚಿಗೆ ಟಪಾಲಿನಲ್ಲಿ ಬರುತ್ತಿತ್ತು, ಮಡಿಕೆ ಬಿದ್ದು.
ಅದರ ಕೆಂಪು ದಿನಗಳಂದು ನಮಗೆ ಸ್ಕೂಲಿತ್ತು.

ಊರು ಬಿಡುವ ವಾರ ಬಾಬು ಬರುತ್ತಿದ್ದ,
ರಿಜಿಸ್ಟರು ಬಗಲಲ್ಲಿ, ಪೆನ್ಸಿಲು ಕಿವಿಯಲ್ಲಿ.
ಬಲ್ಬು ಆರು. ಚಿಲಕ ನಾಲ್ಕು. ಒಡೆದ ಗಾಜು ಒಂದು.
ಮೊಳೆ ತೂತಿಗೆ ತಲಾ ಎಂಟಾಣೆ,
ಹವಾಲ್ದಾರ್ ಚೆಲುವರಾಜು ಸಂಬಳದಲ್ಲಿ ಕಟ್.

ಅದಕ್ಕೇ ಹಿಂದಿನ ರಾತ್ರಿ ಅವ್ವ
ಒಂದು ಹಿಡಿ ಅನ್ನ ಎತ್ತಿಟ್ಟು
ಸುಣ್ಣದ ಜೊತೆ ನುಣ್ಣಗೆ ಅರೆಯುತ್ತಿದ್ದಳು.
ನನ್ನ ಬೆರಳೇ ಸಣ್ಣದು, ನಾನೇ ತುಂಬಬೇಕು:
ಮೊದಲು ದೇವರ ತೂತು, ಆಮೇಲೆ ಕನ್ನಡಿಯದು,
ಕೊನೆಗೆ, ಸ್ಟೂಲು ಹತ್ತಿ, ಕ್ಯಾಲೆಂಡರಿನದು.

ಬಬೀನಾದ ಗೋಡೆ ಹಳದಿ.
ಅವ್ವ ಚಿಟಿಕೆ ಅರಿಶಿನ ಹಾಕಿದಳು,
ಸುಣ್ಣ ಇದೆ ಅನ್ನುವುದು ಮರೆತು.
ಬಟ್ಟಲಲ್ಲಿ ಕೆಂಪಗೆ ಆರತಿ ನೀರು!
ಯಾರನ್ನು ಒಳಗೆ ಕರೆಯಲಿ ಈಗ, ಎಂದು ನಕ್ಕಳು,
ನಕ್ಕು ಸೆರಗಲ್ಲಿ ಮೂಗೊರೆಸಿಕೊಂಡು
ಮತ್ತೊಂದು ಹಿಡಿ ಅನ್ನಕ್ಕೆ ಪಾತ್ರೆ ತಡಕಿದಳು.
ಆ ರಾತ್ರಿ ಅವಳ ಪಾಲಿಗೆ ಸೀದದ್ದಷ್ಟೇ ಉಳಿಯಿತು.

ಬೆಳಗ್ಗೆ ಬಾಬು ಗೋಡೆ ಗೋಡೆಯನ್ನೂ ಸವರಿದ.
ಏಕ್ ಭೀ ನಹೀಂ?
ನಹೀಂ ಸಾಬ್, ಅಂದ ಅಪ್ಪ, ಎದೆಯೆತ್ತಿ,
ಹಿಮ್ಮಡಿ ಕೂಡಿಸಿ;
ಈ ಮನೆಯಲ್ಲಿ ನಾವು ಇರಲೇ ಇಲ್ಲವೆಂದು
ಮೂರು ಕಡೆ ಸಹಿ ಹಾಕಿದ.
ತೇಜಪುರದ ಅನ್ನಕ್ಕೆ ಇರುವೆ ಬಂದವೋ ಏನೋ.
ನಾವಾಗಲೇ ರೈಲಿನಲ್ಲಿದ್ದೆವು.

*

ಏಳನೇ ಕ್ಲಾಸಿನ ನಡುವೆ ಅಪ್ಪನಿಗೆ ಫೀಲ್ಡು ಬಂತು,
ಹೆಂಡತಿ ಮಕ್ಕಳು ಇರಬಾರದ ಜಾಗ.
ನಾವು ಮಂಡ್ಯದಲ್ಲಿ ಇಳಿದೆವು.
ಗಾಳಿಯಲ್ಲಿ ಕಾರ್ಖಾನೆಯ ಕಾಕಂಬಿ ವಾಸನೆ.
ಅವ್ವ ಮೂಗರಳಿಸಿದಳು, ನಾನು ಮೂಗು ಮುಚ್ಚಿದೆ.
"ಯಾವೂರಾಯ್ತು ಮಗಾ?" ಜಟಕಾದವನು ಕೇಳಿದ್ದು ನನ್ನನ್ನು.
ಗುತ್ತಲು, ಅಂದಳು ಅವ್ವ.
ನಾನು ಟಿ.ಸಿ.ಗಳನ್ನು ಎಣಿಸುತ್ತಿದ್ದೆ.

ವನಮಾಲಾ ಮೇಡಂ ಎದ್ದು ನಿಲ್ಲಿಸಿ ಓದಿಸಿದರು:
ಮಳೆ ಬಂತು. ಬೀಜ ಮೊಳೆಯಿತು.
ಅರ್ಥ ಹೇಳು.
ನನಗೆ ಗೊತ್ತಿದ್ದದ್ದು ಒಂದೇ ಮೊಳೆ.
ಬೀಜಕ್ಕೆ ಮೊಳೆ ಹೊಡೆದರು ಮೇಡಂ,
ಎಂಟಾಣೆ ಕಟ್ಟಬೇಕು, ಅಂದೆ.

ಹತ್ತನೇ ಕ್ಲಾಸು ಮುಗಿಯುವವರೆಗೂ
ಮಿಲಿಟ್ರಿ ಮೊಳೆ ಎಂದೇ ನನ್ನ ಹೆಸರು.

ಪಕ್ಕದ ರತ್ನಪ್ರಭ ಮಾತ್ರ ಮಾರನೆಯ ದಿನ
ಒದ್ದೆ ಬಟ್ಟೆಯಲ್ಲಿ ಕಟ್ಟಿದ ಹುರುಳಿ ತಂದು
ಬೆಂಚಿನಡಿ ಗಂಟು ಬಿಚ್ಚಿದಳು.
ಬಿಳಿ ಬಿಳಿ ತುದಿ, ಒಂದೂ ನೆಟ್ಟಗಿಲ್ಲ.
"ನೋಡ್ಕೋ, ಇದ್ಕೂ ಮೊಳೆ ಅಂತಾರೆ ಕಣೇ.
ತಿನ್ನು. ಯಾರೂ ದುಡ್ಡು ಕೇಳಕಿಲ್ಲ."

*

ಹೋದ ಭಾನುವಾರ ಸುತ್ತಿಗೆ ಹುಡುಕಿದೆ.
ಮೊದಲ ಏಟಿಗೇ ಮೊಳೆ ಬಾಗಿತು, ಥೇಟು ಹುರುಳಿ.
ಸದ್ದಿಗೆ ಅಪ್ಪ ಎದ್ದು ಬಂದ,
ಬನಿಯನ್ನಿನಲ್ಲಿ, ಕೋಲಿಲ್ಲದೆ.
ಮೊಳೆಯನ್ನು ಮೆಟ್ಟಿಲ ಮೇಲಿಟ್ಟು
ತಟ್ಟಿ ತಟ್ಟಿ ನೆಟ್ಟಗೆ ಮಾಡಿ ಕೊಟ್ಟ.
ಆಮೇಲೆ ಗೋಡೆಗೆ ಅಂಗೈ ಒಡ್ಡಿ ನಿಂತ,
ಸುಣ್ಣದ ಪುಡಿ ನೆಲಕ್ಕೆ ಬೀಳಬಾರದು.
ಎಂಬತ್ತೊಂದರ ಕೈ, ನಡುಗುತ್ತದೆ,
ಅಷ್ಟಿಷ್ಟು ಚೆಲ್ಲಿತು.

ಒಳಗಿನಿಂದ ಅವ್ವ:
"ಒಂದಿಡಿ ಅನ್ನ ಎತ್ತಿಡ್ಲಾ?"

ಪುಡಿಯನ್ನು ಮುಷ್ಟಿ ಮಾಡಿಕೊಂಡು
ಅಪ್ಪ ಗೋಡೆಯನ್ನೇ ನೋಡುತ್ತಿದ್ದ.
"ಇರ್ಲಿ, ಎತ್ತಿಡು" ಅಂದ.

ಕ್ಯಾಲೆಂಡರು ಸ್ವಲ್ಪ ಎಡಕ್ಕೆ ವಾಲಿದೆ.